ಡೌನ್ ಸಿಂಡ್ರೋಮ್ ಇರುವ ಮಕ್ಕಳು ಕರಾಟೆ ಕಲಿಯಬಹುದಾ? ಗೊಂದಲದ ಮೂಲ ಕತ್ತಿನಲ್ಲಿದೆ

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಆ ದಿನ ಹತ್ತಿರ ಬಂದಾಗ ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲ ಕಡೆ ಒಂದು ಬಗೆಯ ಸುದ್ದಿ ಓಡಾಡುತ್ತದೆ. ಡೌನ್ ಸಿಂಡ್ರೋಮ್ ಇರುವ ಹುಡುಗನಿಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಸಿಕ್ಕಿತು, ಹುಡುಗಿಯೊಬ್ಬಳು ಜೂಡೊದಲ್ಲಿ ಪದಕ ತಂದಳು ಅಂತ. ಓದಿದ ಅಪ್ಪ ಅಮ್ಮನಿಗೆ ತಮ್ಮ ಮಗುವನ್ನೂ ಹತ್ತಿರದ ಕ್ಲಾಸಿಗೆ ಸೇರಿಸುವ ಆಸೆ ಹುಟ್ಟುತ್ತದೆ. ವಿಚಾರಿಸಲು ಹೊರಟರೆ ತಲೆ ಕೆಡುತ್ತದೆ. ಒಬ್ಬ ವೈದ್ಯರು "ಕತ್ತಿಗೆ ಅಪಾಯ, ಬೇಡವೇ ಬೇಡ" ಅನ್ನುತ್ತಾರೆ. ಇನ್ನೊಬ್ಬರು "ಮೊದಲು ಕತ್ತಿನ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ" ಅನ್ನುತ್ತಾರೆ. ಮತ್ತೊಬ್ಬರು "ಎಕ್ಸ್‌ರೇ ಏನೂ ಬೇಕಾಗಿಲ್ಲ, ಕಳಿಸಿ" ಅನ್ನುತ್ತಾರೆ. ಕರಾಟೆ ಮಾಸ್ಟರ್ ಮಾತ್ರ "ಏನೂ ಆಗಲ್ಲ ಮೇಡಂ, ಎಲ್ಲರ ಜೊತೆ ನಿಲ್ಲಿಸೋಣ" ಅಂತ ಧೈರ್ಯ ಕೊಡುತ್ತಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ವೈದ್ಯರು ಒಬ್ಬೊಬ್ಬರು ಒಂದೊಂದು ಕಾಲದ ಮಾರ್ಗಸೂಚಿ ಹಿಡಿದು ಮಾತಾಡುತ್ತಿದ್ದಾರೆ. ಮಾಸ್ಟರ್‌ಗೆ ಆ ಯಾವ ಮಾರ್ಗಸೂಚಿಯನ್ನೂ ಯಾರೂ ತಲುಪಿಸಿಲ್ಲ. ಜೊತೆಗೆ 'ಕರಾಟೆ' ಅಂದಾಗ ಒಬ್ಬರ ಕಣ್ಣಮುಂದೆ ಗುದ್ದಾಟ ಬಂದರೆ, ಇನ್ನೊಬ್ಬರ ಕಣ್ಣಮುಂದೆ ಸಾಲಾಗಿ ನಿಂತು ಕಟಾ, ಅಂದರೆ ಎದುರಾಳಿ ಇಲ್ಲದೆ ಗೊತ್ತಾದ ಚಲನೆಗಳನ್ನು ಒಂದೇ ಕ್ರಮದಲ್ಲಿ ಮಾಡುವ ಅಭ್ಯಾಸ, ಮಾಡುವ ಮಕ್ಕಳು ಬರುತ್ತಾರೆ. ಹಾಗಾಗಿ ಕಳಿಸಬೇಕಾ, ಬೇಡವಾ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಕ್ಲಾಸಿನಲ್ಲಿ ನಡೆಯುವ ಯಾವ ಭಾಗಕ್ಕೆ ಹೌದು, ಯಾವ ಭಾಗಕ್ಕೆ ಅಲ್ಲ ಅಂತ ಕೇಳಿದರೆ ಉತ್ತರ ಸಿಗುತ್ತದೆ.

ಕತ್ತಿನೊಳಗೆ ಏನಿದೆ

ನಮ್ಮ ಜೀವಕೋಶಗಳಲ್ಲಿ ಕ್ರೋಮೋಸೋಮ್‌ಗಳು ಜೋಡಿಯಾಗಿ ಇರುತ್ತವೆ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇದ್ದರೆ ಡೌನ್ ಸಿಂಡ್ರೋಮ್. ಆ ಹೆಚ್ಚುವರಿ ಪ್ರತಿಯ ಪರಿಣಾಮ ಬುದ್ಧಿಯ ಬೆಳವಣಿಗೆಯ ಮೇಲೆ ಮಾತ್ರ ಆಗುವುದಲ್ಲ. ಸ್ನಾಯುಗಳಲ್ಲಿ ಬಿಗಿ ಕಡಿಮೆ ಇರುತ್ತದೆ. ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಲಿಗಮೆಂಟ್‌ಗಳು ಸಡಿಲ ಇರುತ್ತವೆ. ಈ ಸಡಿಲ ಮೈಯ ಎಲ್ಲ ಕೀಲುಗಳಲ್ಲೂ ಇದೆ. ಆದರೆ ಅದು ನಿಜವಾಗಿ ಅಪಾಯ ತರಬಹುದಾದ ಜಾಗ ತಲೆಬುರುಡೆಯ ಕೆಳಗೆ ಬರುವ ಕತ್ತಿನ ಮೊದಲ ಎರಡು ಮೂಳೆಗಳ ನಡುವೆ.

ನಾವು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವಾಗ ಹೆಚ್ಚಿನ ಕೆಲಸ ಮಾಡುವುದು ಇವೇ ಎರಡು. ಮೇಲಿನದು ಉಂಗುರದ ಹಾಗಿದೆ. ಕೆಳಗಿನದರಿಂದ ಗೂಟದಂಥ ಒಂದು ತುಂಡು ಮೇಲೆದ್ದು ಆ ಉಂಗುರದೊಳಗೆ ನಿಂತಿದೆ. ಗೂಟ ಅತ್ತಿತ್ತ ಜರುಗದಂತೆ ಲಿಗಮೆಂಟ್ ಹಿಡಿದಿಟ್ಟಿದೆ. ಅದೇ ಉಂಗುರದೊಳಗೆ, ಗೂಟದ ಹಿಂದೆ, ಬೆನ್ನುಹುರಿ ಹಾದುಹೋಗುತ್ತದೆ. ಲಿಗಮೆಂಟ್ ಸಡಿಲವಾದರೆ ಉಂಗುರ ಮತ್ತು ಗೂಟದ ನಡುವಿನ ಅಂತರ ಜಾಸ್ತಿ ಆಗುತ್ತದೆ. ಅಂತರ ಜಾಸ್ತಿ ಆದಷ್ಟೂ ಬೆನ್ನುಹುರಿಗೆ ಇರುವ ಜಾಗ ಕಡಿಮೆ. ಕತ್ತು ಜೋರಾಗಿ ಮುಂದಕ್ಕೆ ಬಾಗಿದಾಗ ಅಥವಾ ತಿರುಚಿದಾಗ ಬೆನ್ನುಹುರಿ ಒತ್ತಿಕೊಳ್ಳಬಹುದು. ಇದಕ್ಕೆ ವೈದ್ಯರು ಅಟ್ಲಾಂಟೋ-ಆಕ್ಸಿಯಲ್ ಅಸ್ಥಿರತೆ ಅನ್ನುತ್ತಾರೆ.

ಇಲ್ಲಿ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ ಎಕ್ಸ್‌ರೇ ತೆಗೆದರೆ ಈ ಅಂತರ ಜಾಸ್ತಿ ಕಾಣುವುದು ಸುಮಾರು ಶೇ 10ರಿಂದ 20 ಮಂದಿಯಲ್ಲಿ. ನಿಜವಾಗಿ ಬೆನ್ನುಹುರಿ ಒತ್ತಿ ತೊಂದರೆ ಕಾಣಿಸಿಕೊಳ್ಳುವುದು ಶೇ 1ರಿಂದ 2 ಮಂದಿಯಲ್ಲಿ. ಗೊಂದಲವೆಲ್ಲ ಹುಟ್ಟಿದ್ದು ಈ ಎರಡರ ನಡುವಿನ ವ್ಯತ್ಯಾಸದಿಂದ.

ಎಕ್ಸ್‌ರೇ ಬಂದ ಕಥೆ, ಹೋದ ಕಥೆ

1983ರಲ್ಲಿ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕ್ರೀಡೆ ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆ ಒಂದು ನಿಯಮ ತಂದಿತು. ಕತ್ತಿಗೆ ಒತ್ತಡ ಬೀಳುವ ಆಟಗಳಲ್ಲಿ ಭಾಗವಹಿಸಬೇಕಾದರೆ ಡೌನ್ ಸಿಂಡ್ರೋಮ್ ಇರುವ ಕ್ರೀಡಾಪಟು ಕತ್ತಿನ ಎಕ್ಸ್‌ರೇ ತೆಗೆಸಬೇಕು. ಮರುವರ್ಷ ಅಮೆರಿಕದ ಮಕ್ಕಳ ತಜ್ಞರ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅದನ್ನು ಒಪ್ಪಿತು. ಆ ಕಾಲದಲ್ಲಿ ಓದಿದ, ಆ ಕಾಲದ ಪಠ್ಯಪುಸ್ತಕ ಓದಿದ ವೈದ್ಯರ ಮನಸ್ಸಿನಲ್ಲಿ 'ಡೌನ್ ಸಿಂಡ್ರೋಮ್, ಆಟ, ಎಕ್ಸ್‌ರೇ' ಮೂರೂ ಒಟ್ಟಿಗೆ ಕೂತುಬಿಟ್ಟವು.

1995ರಲ್ಲಿ ಅದೇ ಸಂಘ ತನ್ನ ನಿಲುವನ್ನು ಸಡಿಲಿಸಿತು. ಈ ಎಕ್ಸ್‌ರೇಯಿಂದ ಲಾಭ ಇದೆ ಅನ್ನುವುದು ಸಾಬೀತಾಗಿಲ್ಲ ಅಂದಿತು. 2011ರ ಮಾರ್ಗಸೂಚಿಯಲ್ಲಿ ಇನ್ನೂ ಸ್ಪಷ್ಟವಾಗಿ, ಯಾವ ಲಕ್ಷಣವೂ ಇಲ್ಲದ ಮಗುವಿಗೆ ವಾಡಿಕೆಯಂತೆ ಎಕ್ಸ್‌ರೇ ತೆಗೆಸುವುದು ಬೇಡ ಅಂದಿತು. 2022ರಲ್ಲಿ ಪರಿಷ್ಕರಿಸಿದಾಗಲೂ ಅದೇ ನಿಲುವು ಉಳಿಯಿತು. ಸ್ಪೆಷಲ್ ಒಲಿಂಪಿಕ್ಸ್ ಕೂಡ ಆಮೇಲೆ ಎಲ್ಲರಿಗೂ ಎಕ್ಸ್‌ರೇ ಅನ್ನುವ ನಿಯಮ ಕೈಬಿಟ್ಟು, ಬೆನ್ನುಹುರಿ ಒತ್ತುತ್ತಿರುವ ಲಕ್ಷಣಗಳಿವೆಯೇ ಎಂದು ಕೇಳಿ ಪರೀಕ್ಷಿಸುವ ದಾರಿ ಹಿಡಿಯಿತು.

ಯಾಕೆ ಹೀಗಾಯಿತು? ಒಮ್ಮೆ ಸರಿ ಕಂಡ ಎಕ್ಸ್‌ರೇ ಕೆಲವು ವರ್ಷಗಳ ನಂತರ ಸರಿ ಇಲ್ಲದಂತೆ ಕಾಣಬಹುದು. ಸರಿ ಇಲ್ಲದ್ದು ಸರಿಯಾಗಿಯೂ ಕಾಣಬಹುದು. ಮಗು ಕತ್ತನ್ನು ಎಷ್ಟು ಬಾಗಿಸಿತು ಅನ್ನುವುದರ ಮೇಲೆ ಅಳತೆ ಬದಲಾಗುತ್ತದೆ. ಅಂತರ ಜಾಸ್ತಿ ಇದ್ದವರಲ್ಲಿ ಬಹುಪಾಲು ಜನರಿಗೆ ಜೀವನವಿಡೀ ಏನೂ ಆಗುವುದಿಲ್ಲ. ಅವರನ್ನೆಲ್ಲ ಮೈದಾನದಿಂದ ಹೊರಗಿಟ್ಟರೆ ಕೂತು ಕೂತು ಬರುವ ಕಾಯಿಲೆಗಳಿಗೆ ಅವರನ್ನು ಒಪ್ಪಿಸಿದಂತೆ. ಇನ್ನೊಂದು ಕಡೆ, ಎಕ್ಸ್‌ರೇ ಸರಿ ಇದೆ ಅನ್ನುವ ಕಾಗದ ಕೈಯಲ್ಲಿದ್ದರೆ ಮನೆಯವರೂ ಮಾಸ್ಟರೂ ಎಚ್ಚರ ಬಿಟ್ಟುಬಿಡುವ ಅಪಾಯವಿದೆ.

ಹಾಗಂತ ಕತ್ತಿನ ಚಿಂತೆಯನ್ನೇ ಬಿಡಬಹುದು ಅಂತ ಯಾರೂ ಹೇಳಿಲ್ಲ. ಮೈಗೆ ಮೈ ತಾಗುವ ಆಟಗಳು ಮತ್ತು ಜಿಮ್ನಾಸ್ಟಿಕ್ಸ್‌ನಲ್ಲಿ ಬೆನ್ನುಹುರಿಗೆ ಪೆಟ್ಟಾಗುವ ಸಾಧ್ಯತೆ ಜಾಸ್ತಿ ಅಂತ ಪೋಷಕರಿಗೆ ತಿಳಿಸಬೇಕು ಎಂದು 2011ರ ಮಾರ್ಗಸೂಚಿಯೇ ಹೇಳುತ್ತದೆ. ಬದಲಾಗಿದ್ದು ಕಾವಲಿನ ವಿಧಾನ. ಮೊದಲು ಒಂದು ಚಿತ್ರ ಕಾಯುತ್ತದೆ ಅಂದುಕೊಂಡಿದ್ದೆವು. ಈಗ ದಿನವೂ ಮಗುವನ್ನು ನೋಡುವವರ ಕಣ್ಣು ಕಾಯಬೇಕು.

ಆ ಕಣ್ಣಿಗೆ ಗೊತ್ತಿರಬೇಕಾದ್ದು ಇಷ್ಟು. ಕತ್ತು ನೋವು ಅನ್ನುವುದು, ಕತ್ತನ್ನು ಒಂದು ಕಡೆ ವಾಲಿಸಿಕೊಂಡೇ ಇರುವುದು. ನಡಿಗೆ ಬದಲಾಗುವುದು, ಹತ್ತುತ್ತಿದ್ದ ಮೆಟ್ಟಿಲು ಹತ್ತಲು ತಡಕಾಡುವುದು, ಪದೇಪದೇ ಎಡವುವುದು. ಗುಂಡಿ ಹಾಕಿಕೊಳ್ಳುವುದು, ಚಮಚ ಹಿಡಿಯುವುದು ಮೊದಲಿನಂತೆ ಆಗದಿರುವುದು. ಮೂತ್ರ, ಮಲದ ಹಿಡಿತ ಇದ್ದ ಮಗು ಬಟ್ಟೆ ಒದ್ದೆ ಮಾಡಿಕೊಳ್ಳತೊಡಗುವುದು. ಇಂಥದ್ದು ಹೊಸದಾಗಿ ಶುರುವಾದರೆ ಕ್ಲಾಸು ಅಂದೇ ನಿಲ್ಲಬೇಕು, ಕತ್ತನ್ನು ತಿರುಚುವುದು ಬಾಗಿಸುವುದು ಎಲ್ಲ ನಿಲ್ಲಬೇಕು, ನರರೋಗ ತಜ್ಞರೋ ನರಶಸ್ತ್ರಚಿಕಿತ್ಸಕರೋ ನೋಡಬೇಕು. ಆಗ ಎಕ್ಸ್‌ರೇ, ಎಂಆರ್‌ಐ ಎರಡಕ್ಕೂ ಅರ್ಥವಿದೆ.

ಕಷ್ಟ ಏನೆಂದರೆ, ಈ ಮಕ್ಕಳಲ್ಲಿ ಇಂಥ ಬದಲಾವಣೆ ಕಂಡಾಗ ಸುತ್ತಲಿನವರು ಅದನ್ನು 'ಹಟ', 'ಸೋಮಾರಿತನ', 'ಅವನು ಇರೋದೇ ಹಾಗೆ' ಅಂತ ತಳ್ಳಿಹಾಕುತ್ತಾರೆ. ನೋವನ್ನು ಮಾತಲ್ಲಿ ಹೇಳಲು ಕಷ್ಟಪಡುವ ಮಗು ಕ್ಲಾಸಿಗೆ ಹೋಗಲ್ಲ ಅಂತ ಕೂತುಬಿಟ್ಟರೆ, ಗದರಿಸುವ ಮೊದಲು ಒಮ್ಮೆ ಕತ್ತಿನ ಬಗ್ಗೆ ಯೋಚಿಸಬೇಕು.

ಹೃದಯ ಮತ್ತು 'ಬೇಗ ಸುಸ್ತಾಗ್ತಾನೆ' ಅನ್ನುವ ದೂರು

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟುವಾಗಲೇ ಹೃದಯದಲ್ಲಿ ತೊಂದರೆ ಇರುತ್ತದೆ. ಇವತ್ತು ಅದನ್ನು ಚಿಕ್ಕಂದಿನಲ್ಲೇ ಆಪರೇಷನ್ ಮಾಡಿ ಸರಿಪಡಿಸುತ್ತಾರೆ. ಆಪರೇಷನ್ ಆಗಿದೆ ಅಂದಮಾತ್ರಕ್ಕೆ ವ್ಯಾಯಾಮ ಬೇಡ ಅಂತಲ್ಲ. ಆದರೆ ಹದಿಹರೆಯದಲ್ಲಿ ಹೊಸದಾಗಿ ಕವಾಟದ ತೊಂದರೆ ಕಾಣಿಸಿಕೊಳ್ಳಬಹುದು. ಹಾಗಾಗಿ ಕ್ಲಾಸಿಗೆ ಸೇರಿಸುವ ಮುಂಚೆ ಹೃದಯ ತಜ್ಞರ ಒಪ್ಪಿಗೆ ಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಹೃದಯದಲ್ಲಿ ಯಾವ ದೋಷ ಇಲ್ಲದಿದ್ದರೂ ಡೌನ್ ಸಿಂಡ್ರೋಮ್ ಇರುವವರ ಹೃದಯ ಬಡಿತ ವ್ಯಾಯಾಮದ ಹೊತ್ತಿನಲ್ಲಿ ಬೇರೆಯವರಷ್ಟು ಏರುವುದಿಲ್ಲ. ದಣಿವಾದಾಗ ಹೃದಯವನ್ನು ಜೋರಾಗಿ ಓಡಿಸುವ ನರಗಳ, ಹಾರ್ಮೋನುಗಳ ಪ್ರತಿಕ್ರಿಯೆಯೇ ಅವರಲ್ಲಿ ಮಂದ. 15 ವರ್ಷದವರಿಗೆ ಸಾಮಾನ್ಯ ಲೆಕ್ಕದಲ್ಲಿ ಗರಿಷ್ಠ ಬಡಿತ ನಿಮಿಷಕ್ಕೆ 205 ಅನ್ನುತ್ತಾರೆ. ಡೌನ್ ಸಿಂಡ್ರೋಮ್ ಇರುವ ಅದೇ ವಯಸ್ಸಿನವರಲ್ಲಿ ಅದು ಸರಾಸರಿ 170ರ ಆಸುಪಾಸು. ಪರಿಣಾಮ ಏನು? ಬಡಿತ 140 ಇದ್ದಾಗ ಪಕ್ಕದ ಹುಡುಗ ಇನ್ನೂ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರುತ್ತಾನೆ. ಈ ಹುಡುಗ ಆಗಲೇ ತನ್ನ ಶಕ್ತಿಯ ಬಹುಪಾಲು ಹಾಕಿ ದುಡಿಯುತ್ತಿರುತ್ತಾನೆ. ಅವನನ್ನು "ಏಯ್, ಇನ್ನೊಂದು ರೌಂಡು ಓಡು" ಅಂತ ಎಬ್ಬಿಸುವುದು ಅನ್ಯಾಯ. ಪದೇಪದೇ ಚಿಕ್ಕ ವಿರಾಮ ಕೊಟ್ಟರೆ ಅದೇ ಹುಡುಗ ಒಂದು ಗಂಟೆ ನಿಲ್ಲುತ್ತಾನೆ.

ಹದಿಹರೆಯದಲ್ಲೇ ಯಾಕೆ ಇಷ್ಟು ಮುಖ್ಯ

ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 25 ವರ್ಷ. ಈಗ ಅದು 60ರ ಹತ್ತಿರ ಬಂದಿದೆ. ಮುಂಚೆ ಇದ್ದ ಪ್ರಶ್ನೆ ಮಗು ಬದುಕುತ್ತದಾ ಅನ್ನುವುದು. ಈಗಿನ ಪ್ರಶ್ನೆ, ನಲವತ್ತು ಐವತ್ತರ ವಯಸ್ಸಿನಲ್ಲಿ ತಾನೇ ಎದ್ದು ಓಡಾಡುವಷ್ಟು ಗಟ್ಟಿಯಾಗಿ ಇರುತ್ತದಾ ಅನ್ನುವುದು.

ಅದು ತೀರ್ಮಾನವಾಗುವುದು ಬಹುಮಟ್ಟಿಗೆ ಹದಿಹರೆಯದಲ್ಲಿ. ಈ ವಯಸ್ಸಿನಲ್ಲಿ ತೂಕ ಏರುತ್ತದೆ. ಥೈರಾಯ್ಡ್ ಕೆಲಸ ನಿಧಾನವಾಗುವುದು ಇವರಲ್ಲಿ ಸಾಮಾನ್ಯ, ಅದಕ್ಕೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇವರಲ್ಲಿ ಜಾಸ್ತಿ. ತೂಕ ಏರಿದರೆ ಅದು ಇನ್ನೂ ಹೆಚ್ಚುತ್ತದೆ, ನಿದ್ದೆ ಕೆಟ್ಟರೆ ಹಗಲು ಮೈ ಆಡುವುದಿಲ್ಲ, ಮೈ ಆಡದಿದ್ದರೆ ತೂಕ ಮತ್ತೆ ಏರುತ್ತದೆ. ಕಾಲಿನ ಸ್ನಾಯು ಮೊದಲೇ ದುರ್ಬಲ, ಮೂಳೆಯ ಸಾಂದ್ರತೆ ಮೊದಲೇ ಕಡಿಮೆ.

ಹೊರಗಿನ ಪ್ರಪಂಚವೂ ಇದೇ ಹೊತ್ತಿಗೆ ಚಿಕ್ಕದಾಗುತ್ತದೆ. ಚಿಕ್ಕಂದಿನಲ್ಲಿ ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಅಂತ ವಾರವಿಡೀ ಓಡಾಟ ಇರುತ್ತದೆ. ಹದಿಮೂರು ಹದಿನಾಲ್ಕು ದಾಟಿತು ಅಂದರೆ ಅವೆಲ್ಲ ಒಂದೊಂದಾಗಿ ನಿಲ್ಲುತ್ತವೆ. ಬೀದಿಯ ಜೊತೆಗಾರರು ಕ್ರಿಕೆಟ್‌ಗೆ, ಟ್ಯೂಷನ್‌ಗೆ ಹೋಗುತ್ತಾರೆ. ಇವನು ಮನೆಯಲ್ಲಿ ಫೋನ್ ಹಿಡಿದು ಕೂರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅಂಗವಿಕಲ ಮಕ್ಕಳನ್ನು ಸ್ಪಷ್ಟವಾಗಿ ಸೇರಿಸಿಕೊಂಡು ಹೇಳಿದ್ದು, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥದ್ದು ಇರಬೇಕು ಅಂತ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ವಾರಕ್ಕೆ ಎರಡು ಮೂರು ದಿನ, ವರ್ಷವಿಡೀ ನಡೆಯುವ ಯಾವ ವ್ಯಾಯಾಮ ಈ ಮಕ್ಕಳಿಗೆ ಸಿಗುತ್ತದೆ? ನಮ್ಮ ಊರುಗಳಲ್ಲಿ ಆ ಪಟ್ಟಿ ತುಂಬಾ ಚಿಕ್ಕದು. ಈಜುಕೊಳ ಎಲ್ಲ ಕಡೆ ಇಲ್ಲ. ಶಾಲೆಯ ಹಾಲ್‌ನಲ್ಲೋ ಕಲ್ಯಾಣ ಮಂಟಪದ ಮಹಡಿಯಲ್ಲೋ ನಡೆಯುವ ಕರಾಟೆ ಕ್ಲಾಸು ತಾಲ್ಲೂಕು ಕೇಂದ್ರಗಳಲ್ಲೂ ಇದೆ.

ಕಟಾ ಇವರಿಗೆ ಯಾಕೆ ಹೊಂದುತ್ತದೆ

ಹತ್ತಿರ ಇದೆ ಅನ್ನುವುದೊಂದೇ ಕಾರಣ ಅಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿಗಿಂತ ನೋಡಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ನೋಡಿ ಅನುಕರಿಸುವುದರಲ್ಲಿ ಅವರು ಗಟ್ಟಿ. ಉದ್ದುದ್ದ ಸೂಚನೆ ಕೇಳಿ ಅದರಂತೆ ಮಾಡುವುದು ಕಷ್ಟ. ಫುಟ್‌ಬಾಲ್‌ನಲ್ಲಿ ಚೆಂಡು ಎಲ್ಲಿ ಹೋಗುತ್ತದೆ, ಎದುರಾಳಿ ಏನು ಮಾಡುತ್ತಾನೆ ಅಂತ ಕ್ಷಣಕ್ಷಣವೂ ತೀರ್ಮಾನ ಮಾಡಬೇಕು. ಕಟಾದಲ್ಲಿ ಅಂಥದ್ದಿಲ್ಲ. ಕ್ರಮ ಇವತ್ತೂ ಅದೇ, ನಾಳೆಯೂ ಅದೇ.

ಶೋಟೊಕಾನ್ ಶೈಲಿಯ ಮೊದಲ ಕಟಾ ಹೀಯಾನ್ ಶೋದಾನ್ ತೆಗೆದುಕೊಳ್ಳಿ. ಒಟ್ಟು 21 ಚಲನೆ. ಆದರೆ ಅದರಲ್ಲಿ ಬರುವ ತಂತ್ರಗಳು ನಾಲ್ಕೈದೇ. ಕೆಳಗೆ ತಡೆಯುವುದು, ಮೇಲೆ ತಡೆಯುವುದು, ಹೆಜ್ಜೆ ಮುಂದಿಟ್ಟು ಗುದ್ದುವುದು, ಇಂಥವು. ಅವೇ ದಿಕ್ಕು ಬದಲಿಸಿ ಬದಲಿಸಿ ಬರುತ್ತವೆ. ಹೆಚ್ಚಿನ ಹೆಜ್ಜೆಗಳಲ್ಲಿ ಮುಂದಿನ ಮಂಡಿ ಬಾಗಿಸಿ, ಹಿಂದಿನ ಕಾಲು ಚಾಚಿ, ಆ ಭಂಗಿಯಲ್ಲಿ ಒಂದು ಕ್ಷಣ ನಿಲ್ಲಬೇಕು. ತೊಡೆಯ ಸ್ನಾಯುವಿಗೆ ಇದು ಒಳ್ಳೆಯ ಕೆಲಸ. ತಿರುಗುವಾಗ ಒಂದು ಕಾಲಿನ ಮೇಲೆ ಭಾರ ಹಾಕಿ ಮತ್ತೆ ಸಮ ಆಗಬೇಕು. ಇವರಿಗೆ ಕಷ್ಟವಾಗುವ ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಅಪರೂಪ. ಮೈಗೆ ಯಾರ ಕೈಯೂ ತಾಗುವುದಿಲ್ಲ. ಕತ್ತು ನೆಟ್ಟಗಿರುತ್ತದೆ.

ಬೆಲ್ಟ್‌ನ ಪಾತ್ರವನ್ನೂ ಕಡೆಗಣಿಸಬಾರದು. ಶಾಲೆಯಲ್ಲಿ ಇವರು ಮುಂದೆ ಹೋಗುತ್ತಿರುವುದು ಕಣ್ಣಿಗೆ ಕಾಣುವುದು ಕಡಿಮೆ. ಇಲ್ಲಿ ಬಿಳಿ ಹಳದಿಯಾಗುತ್ತದೆ, ಹಳದಿ ಬದಲಾಗುತ್ತದೆ. ಅವನಿಗೂ ಕಾಣುತ್ತದೆ, ಊರಿಗೂ ಕಾಣುತ್ತದೆ.

ಕಲಿಸುವವರು ಬದಲಿಸಿಕೊಳ್ಳಬೇಕಾದ್ದೂ ಇದೆ. ಇವರಲ್ಲಿ ಬಹಳಷ್ಟು ಮಂದಿಗೆ ಕಿವಿ ಮಂದ ಇರುತ್ತದೆ, ಕಣ್ಣಿನ ತೊಂದರೆಯೂ ಇರುತ್ತದೆ. ಹಾಲ್‌ನ ಹಿಂದಿನಿಂದ ಕೂಗಿದರೆ ಏನೂ ತಲುಪುವುದಿಲ್ಲ. ಎದುರು ನಿಂತು, ಮಾಡಿ ತೋರಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಟ್ಟು, ಉತ್ತರಕ್ಕೆ ಕೆಲವು ಸೆಕೆಂಡು ಕಾಯಬೇಕು.

ಸಂಶೋಧನೆ ಎಷ್ಟು ದೂರ ಬಂದಿದೆ

ಇಲ್ಲಿ ದೊಡ್ಡ ಮಾತು ಆಡುವಂತಿಲ್ಲ. ಟೇಕ್ವಾಂಡೊ ಕಲಿತ ಡೌನ್ ಸಿಂಡ್ರೋಮ್ ಇರುವ ಯುವಕ ಯುವತಿಯರಲ್ಲಿ ಕಾಲಿನ ಬಲ ಮತ್ತು ಸಮತೋಲನ ಸುಧಾರಿಸಿತು ಎಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದೆ. ಆದರೆ ಅದು ಚಿಕ್ಕ ಅಧ್ಯಯನ. ಸಮರಕಲೆಯಿಂದ ಬುದ್ಧಿ ಚುರುಕಾಗುತ್ತದೆ, ಮಾತು ಬರುತ್ತದೆ ಅಂತ ಜಾಹೀರಾತು ಕೊಡುವ ಕ್ಲಾಸುಗಳ ಮಾತಿಗೆ ಇಂಥ ಆಧಾರ ಸಾಲದು.

ಸ್ನಾಯುಬಲದ ವ್ಯಾಯಾಮದ ಬಗ್ಗೆ ಇನ್ನೂ ಗಟ್ಟಿ ಆಧಾರ ಇದೆ. ಆಸ್ಟ್ರೇಲಿಯಾದಲ್ಲಿ 2010ರಲ್ಲಿ 23 ಹದಿಹರೆಯದವರ ಮೇಲೆ, 2013ರಲ್ಲಿ 68 ಹದಿಹರೆಯದವರು ಮತ್ತು ಯುವಜನರ ಮೇಲೆ ಪ್ರಯೋಗ ನಡೆಯಿತು. ಹತ್ತು ವಾರ, ವಾರಕ್ಕೆ ಎರಡು ಸಲ, ಊರಿನ ಸಾಮಾನ್ಯ ಜಿಮ್‌ನಲ್ಲೇ ಭಾರ ಎತ್ತುವ ಅಭ್ಯಾಸ. ಜೊತೆಗೆ ಒಬ್ಬೊಬ್ಬರಿಗೂ ಒಬ್ಬ ಫಿಸಿಯೋಥೆರಪಿ ವಿದ್ಯಾರ್ಥಿ. ಕಾಲಿನ ಬಲ ಹೆಚ್ಚಿತು. ಸಡಿಲ ಸ್ನಾಯು ಅಂದರೆ ಬಲ ಬಾರದ ಸ್ನಾಯು ಅಲ್ಲ ಅನ್ನುವುದು ಇದರಿಂದ ಸ್ಪಷ್ಟ. ನನ್ನ ಮಟ್ಟಿಗೆ ಈ ಪ್ರಯೋಗದಲ್ಲಿ ಗಮನ ಸೆಳೆಯುವುದು ಭಾರಕ್ಕಿಂತ ಜೊತೆಗಾರ. ಹೆಚ್ಚುಕಡಿಮೆ ತಮ್ಮದೇ ವಯಸ್ಸಿನ ಒಬ್ಬರು ಪಕ್ಕದಲ್ಲಿ ನಿಂತಾಗ ಈ ಮಕ್ಕಳು ಬರುತ್ತಾರೆ, ಬರುತ್ತಲೇ ಇರುತ್ತಾರೆ. ಕರಾಟೆ ಕ್ಲಾಸಿನಲ್ಲಿ ಹಿರಿಯ ಬೆಲ್ಟ್‌ನವರು ಕಿರಿಯರಿಗೆ ಕಲಿಸುವ ಪದ್ಧತಿ ಮೊದಲೇ ಇದೆ ಅಲ್ವಾ? ಅಲ್ಲಿ ಈ ಜೊತೆಗಾರರನ್ನು ಹೊರಗಿನಿಂದ ತರಬೇಕಾಗಿಲ್ಲ.

ಯಾವ ಭಾಗ ಬೇಡ

ಮೊದಲು ಹೇಳಬೇಕಾದ್ದು ಸ್ಟ್ರೆಚಿಂಗ್ ಬಗ್ಗೆ, ಯಾಕೆಂದರೆ ಅದರಲ್ಲಿ ಅಪಾಯ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಕಾಲು ಅಗಲಿಸಿ ಕೂತರೆ ನೆಲಕ್ಕೆ ಹತ್ತಿಬಿಡುತ್ತದೆ. ಮಾಸ್ಟರ್ ಎಲ್ಲರ ಮುಂದೆ "ನೋಡಿ, ಹೀಗೆ ಮಾಡಬೇಕು" ಅಂತ ತೋರಿಸುತ್ತಾರೆ. ಆದರೆ ಅದು ಅಭ್ಯಾಸದಿಂದ ಬಂದದ್ದಲ್ಲ, ಕೀಲಿನ ಸಡಿಲದಿಂದ ಬಂದದ್ದು. ಮೊದಲೇ ಸಡಿಲ ಇರುವ ಕೀಲನ್ನು ಇನ್ನೂ ಎಳೆದರೆ ಸೊಂಟ, ಮಂಡಿಚಿಪ್ಪು ಜರುಗುವ ಸಾಧ್ಯತೆ ಹೆಚ್ಚುತ್ತದೆ. ಬೆನ್ನ ಮೇಲೆ ಕೈಯಿಟ್ಟು ಒತ್ತುವುದಂತೂ ಕೂಡದು. ಇವರಿಗೆ ಬೇಕಾದ್ದು ಕೀಲಿನ ಸುತ್ತ ಬಲ. ಬೈಠಕ್, ನಿಧಾನವಾಗಿ ಇಳಿದು ಏಳುವುದು, ಪ್ಯಾಡ್‌ಗೆ ಗುದ್ದುವುದು, ಸೊಂಟದೆತ್ತರಕ್ಕಿಂತ ಕೆಳಗೆ ಒದೆಯುವುದು ಇದೆಲ್ಲ ಆಗುತ್ತದೆ.

ಎರಡನೆಯದು ಕತ್ತಿನ ಮೇಲೆ ಭಾರ ಬೀಳುವ ಎಲ್ಲವೂ. ತಲೆ ಒಳಗೆ ಮಡಿಚಿ ಮುಂದಕ್ಕೆ ಉರುಳುವುದು, ತಲೆಯ ಮೇಲೆ ನಿಲ್ಲುವುದು, ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿ ಹಿಡಿಯುವುದು, ಕುತ್ತಿಗೆ ಅಮುಕುವ ಪಟ್ಟುಗಳು, ತಲೆಗೆ ಬೀಳುವ ಒದೆತ. ಗರಡಿ ಮನೆಯ ದಂಡೆ ಬೈಠಕ್ ಒಳ್ಳೆಯದೇ, ಆದರೆ ಕುಸ್ತಿಯಲ್ಲಿ ಕತ್ತಿನ ಮೇಲೆ ಕಮಾನು ಕಟ್ಟುವ ಅಭ್ಯಾಸ ಇವರಿಗೆ ಸಲ್ಲ. 'ಕರಾಟೆ ಅಪಾಯ, ಯೋಗ ಸುರಕ್ಷಿತ' ಅಂತ ನಂಬಿ ಮಗುವನ್ನು ಯೋಗಕ್ಕೆ ಕಳಿಸುವವರು ಬಹಳ. ಅಲ್ಲಿ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮಾಡಿಸಿದರೆ ಕಟಾಕ್ಕಿಂತ ಎಷ್ಟೋ ಪಾಲು ಹೆಚ್ಚು ಒತ್ತಡ ಕತ್ತಿಗೆ ಬೀಳುತ್ತದೆ. ಹಾಗಾಗಿ ಕಲೆಯ ಹೆಸರು ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೇವೆ.

ಜಾಗತಿಕ ಸಂಸ್ಥೆಗಳ ನಿಯಮಗಳಲ್ಲೂ ಇದೇ ಕಾಣುತ್ತದೆ. ಸ್ಪೆಷಲ್ ಒಲಿಂಪಿಕ್ಸ್ ಬಹಳ ವರ್ಷ ಸಮರಕಲೆಗಳಲ್ಲಿ ಜೂಡೊ ಒಂದನ್ನೇ ಒಪ್ಪಿಕೊಂಡು ಕರಾಟೆ, ಬಾಕ್ಸಿಂಗ್, ಕುಸ್ತಿಗಳನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿತ್ತು. ಎತ್ತಿ ಕೆಡವುವ ಜೂಡೊಗೆ ಒಪ್ಪಿಗೆ, ಕರಾಟೆಗೆ ಇಲ್ಲ ಅಂದರೆ ಓದಿದವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಅವರ ಜೂಡೊದಲ್ಲಿ ಕುತ್ತಿಗೆ ಅಮುಕುವುದು, ತೋಳು ತಿರುಚುವುದು ಇಲ್ಲ. ಆಡುವವರನ್ನು ಸಾಮರ್ಥ್ಯದ ಪ್ರಕಾರ ಹಂತಗಳಾಗಿ ವಿಂಗಡಿಸುತ್ತಾರೆ, ಕೆಳ ಹಂತದವರು ನೆಲದ ಮೇಲೆಯೇ ಪಂದ್ಯ ಶುರು ಮಾಡುತ್ತಾರೆ. ವಿಶ್ವ ಕರಾಟೆ ಫೆಡರೇಷನ್ ತದ್ವಿರುದ್ಧ ದಾರಿ ಹಿಡಿಯಿತು. 2014ರ ಬ್ರೆಮೆನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪ್ಯಾರಾ ಕರಾಟೆ ಇತ್ತು, ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಅದರಲ್ಲಿ ವಿಭಾಗವಿದೆ, ಆದರೆ ಸ್ಪರ್ಧೆ ಕಟಾದಲ್ಲಿ ಮಾತ್ರ. ಒಂದು ಸಂಸ್ಥೆ ಮೈ ತಾಗುವುದನ್ನು ಉಳಿಸಿಕೊಂಡು ಅಪಾಯದ ಪಟ್ಟುಗಳನ್ನು ತೆಗೆಯಿತು. ಇನ್ನೊಂದು ಮೈ ತಾಗುವುದನ್ನೇ ತೆಗೆಯಿತು. ಚಿಂತೆ ಒಂದೇ, ಉತ್ತರ ಎರಡು. ಡೌನ್ ಸಿಂಡ್ರೋಮ್ ಇರುವವರಿಗಾಗಿಯೇ 2016ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದ ಟ್ರೈಸೋಮ್ ಗೇಮ್ಸ್‌ನಲ್ಲೂ ಜೂಡೊ ಇತ್ತು.

ಗುದ್ದಾಟದ ಜಗಳ

ನಿಜವಾದ ಭಿನ್ನಾಭಿಪ್ರಾಯ ಇರುವುದು ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರು ನಿಂತು ಗುದ್ದಾಡುವ ಅಭ್ಯಾಸದ ವಿಷಯದಲ್ಲಿ. ಅಮೆರಿಕದ ಫ್ಲೋರಿಡಾದಲ್ಲಿ ಗ್ಯಾರೆಟ್ ಹೋಲೀವ್ ಎಂಬ ಡೌನ್ ಸಿಂಡ್ರೋಮ್ ಇರುವ ಯುವಕ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿತ. 2013ರಲ್ಲಿ ಅಂಗವೈಕಲ್ಯ ಇರುವ ಇನ್ನೊಬ್ಬನ ಜೊತೆ ಅವನ ಪಂದ್ಯ ಗೊತ್ತಾಗಿತ್ತು. ರಾಜ್ಯದ ಅಧಿಕಾರಿಗಳು ಕೊನೆ ಗಳಿಗೆಯಲ್ಲಿ ಅದನ್ನು ತಡೆದರು. ವಿಷಯ ಕೋರ್ಟಿಗೆ ಹೋಯಿತು.

ತಡೆದವರ ಪಕ್ಷದವರು ಕೇಳುವುದು, ತಲೆಗೆ ಬೀಳುವ ಪೆಟ್ಟಿನ ದೀರ್ಘಕಾಲದ ಪರಿಣಾಮ ಅವನಿಗೆ ಪೂರ್ತಿ ಅರ್ಥವಾಗಿದೆಯೇ ಅಂತ. ಅವನ ಪಕ್ಷದವರ ವಾದ, ಬೇರೆ ಯುವಕರು ತಿಳಿದೋ ತಿಳಿಯದೆಯೋ ಅಪಾಯ ಆಯ್ದುಕೊಳ್ಳುತ್ತಾರೆ, ಅವರಿಗೆ ಇರುವ ಹಕ್ಕು ಇವನಿಗೆ ಯಾಕಿಲ್ಲ ಅಂತ. ಎರಡನೇ ಮಾತಿನಲ್ಲಿ ತೂಕವಿದೆ. ಅಪಾಯದ ಹೆಸರಲ್ಲಿ ಈ ಜನರಿಂದ ಶಾಲೆ, ಕೆಲಸ, ಮದುವೆ ಎಲ್ಲವನ್ನೂ ಕಿತ್ತುಕೊಂಡ ಇತಿಹಾಸ ಇದೆ. ಆದರೆ ವಯಸ್ಕನೊಬ್ಬನ ಆಯ್ಕೆಯ ಪ್ರಶ್ನೆ ಬೇರೆ, ಹದಿನಾಲ್ಕರ ಹುಡುಗನಿಗೆ ನಾವು ಏನು ಆಯ್ದುಕೊಡುತ್ತೇವೆ ಅನ್ನುವ ಪ್ರಶ್ನೆ ಬೇರೆ. ಡೌನ್ ಸಿಂಡ್ರೋಮ್ ಇರುವವರಿಗೆ ವಯಸ್ಸಾದಂತೆ ಆಲ್ಜೈಮರ್ ಬೇಗ ಬರುತ್ತದೆ, 60ರ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ. ಮೆದುಳಿಗೆ ಮುಂದೆ ಇಂಥ ಹೊರೆ ಕಾದಿರುವಾಗ ತಲೆಗೆ ಪೆಟ್ಟು ಬೀಳುವ ಅಭ್ಯಾಸವನ್ನು ವ್ಯಾಯಾಮ ಅಂತ ಮಕ್ಕಳಿಗೆ ಕೊಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಕಟಾ ಮತ್ತು ಪ್ಯಾಡ್‌ನಲ್ಲಿ ಸಿಗದ ಯಾವ ದೈಹಿಕ ಲಾಭವೂ ಸ್ಪಾರಿಂಗ್‌ನಲ್ಲಿ ಇಲ್ಲ.

ಆತ್ಮರಕ್ಷಣೆಗೆ ಅಂತ ಹೆಣ್ಣುಮಕ್ಕಳನ್ನು ಸೇರಿಸುವವರಿಗೂ ಒಂದು ಮಾತು. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗಿಯರ ಮೇಲೆ ದೌರ್ಜನ್ಯ ಮಾಡುವವರು ಬಹುಪಾಲು ಪರಿಚಯದವರೇ. ಅಲ್ಲಿ ಗುದ್ದು ಕೆಲಸಕ್ಕೆ ಬರುವುದಿಲ್ಲ. ಜೋರಾಗಿ 'ಬೇಡ' ಅನ್ನುವುದು, ದೂರ ಸರಿಯುವುದು, ನಡೆದದ್ದನ್ನು ನಂಬಿಕೆಯ ಒಬ್ಬರಿಗೆ ಹೇಳುವುದು, ಇವನ್ನು ಕ್ಲಾಸಿನಲ್ಲಿ ಮತ್ತೆ ಮತ್ತೆ ಆಡಿಸಿ ಕಲಿಸಿದರೆ ಅದು ಕೆಲಸಕ್ಕೆ ಬರುತ್ತದೆ.

ನಮ್ಮಲ್ಲಿ ಹೊಣೆ ಯಾರದು

ಕಾನೂನು ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳಿಗೆ ಬೇರೆಯವರಿಗೆ ಸಮನಾಗಿ ಆಟದ ಅವಕಾಶ ಕೊಡಬೇಕು. 30ನೇ ಸೆಕ್ಷನ್ ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕಿನ ಬಗ್ಗೆಯೇ ಇದೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಅಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಇದೆ, ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ. ಕರ್ನಾಟಕದ ವಿದ್ಯಾರ್ಥಿನಿಲಯಗಳಲ್ಲಿ ಓಬವ್ವನ ಹೆಸರಿನ ತರಬೇತಿ ಬಂದಿದೆ.

ಆಚರಣೆಗೆ ಬಂದಾಗ ಒಬ್ಬರ ಹೊಣೆಯನ್ನು ಇನ್ನೊಬ್ಬರು ಹೊತ್ತಿದ್ದಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಾಸ್ಟರ್ ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುತ್ತಾರೆ. ವೈದ್ಯರು ಕ್ಲಾಸಿನಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೆ 'ಫಿಟ್' ಅಂತ ಬರೆದುಕೊಡುತ್ತಾರೆ, ಇಲ್ಲವೇ ಭಯಪಟ್ಟು 'ಅನ್‌ಫಿಟ್' ಅನ್ನುತ್ತಾರೆ. ಆ ಒಂದು ಪದ ನೋಡಿ ಮಾಸ್ಟರ್ ಎಲ್ಲವನ್ನೂ ಮಾಡಿಸುತ್ತಾರೆ, ಇಲ್ಲವೇ ಏನನ್ನೂ ಮಾಡಿಸುವುದಿಲ್ಲ. ದೇಶದ ಕರಾಟೆ ಆಡಳಿತವೂ ಗಟ್ಟಿಯಾಗಿಲ್ಲ. 2020ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಅಂದಿನ ಕರಾಟೆ ಸಂಘದ ಮಾನ್ಯತೆಯನ್ನೇ ರದ್ದು ಮಾಡಿತ್ತು. ಒಂದೇ ಊರಿನಲ್ಲಿ ಹಲವು ಶೈಲಿ, ಹಲವು ಸಂಘ, ಪ್ರತಿಯೊಂದಕ್ಕೂ ತನ್ನದೇ ಬೆಲ್ಟ್ ಪರೀಕ್ಷೆ, ತನ್ನದೇ ಫೀಸು. ಕೋಚ್‌ಗಳಿಗೆ ಇಂಥ ಮಕ್ಕಳ ಬಗ್ಗೆ ಕಡ್ಡಾಯವಾಗಿ ತಿಳಿಸುವ ಏರ್ಪಾಡು ಇದರಲ್ಲಿ ಎಲ್ಲಿ ಬರಬೇಕು?

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. 'ಫಿಟ್' ಬದಲು ವೈದ್ಯರು ನಾಲ್ಕು ಸಾಲು ಬರೆದುಕೊಡಬಹುದು. ಕಟಾ, ಪ್ಯಾಡ್ ಆಗಬಹುದು. ಉರುಳುವುದು, ಕತ್ತು ಹಿಡಿಯುವುದು, ತಲೆಗೆ ಪೆಟ್ಟು, ಒತ್ತಿ ಮಾಡಿಸುವ ಸ್ಟ್ರೆಚಿಂಗ್ ಬೇಡ. ದಣಿದಾಗ ವಿರಾಮ ಕೊಡಿ. ನಡಿಗೆ, ಕೈ, ಕತ್ತು, ಮೂತ್ರದ ಹಿಡಿತದಲ್ಲಿ ಬದಲಾವಣೆ ಕಂಡರೆ ನಿಲ್ಲಿಸಿ ಫೋನ್ ಮಾಡಿ. ಅಂಥ ಚೀಟಿ ಕನ್ನಡದಲ್ಲಿದ್ದು ಮಾಸ್ಟರ್ ಕೈಯಲ್ಲಿದ್ದರೆ ಎಕ್ಸ್‌ರೇಗಿಂತ ಹೆಚ್ಚು ಕಾಯುತ್ತದೆ. ಸರ್ಕಾರಿ ಶಾಲೆಗಳಲ್ಲಿ ಈ ಕೆಲಸಕ್ಕೆ ಜನರೂ ಇದ್ದಾರೆ. ಅಂಗವಿಕಲ ಮಕ್ಕಳಿಗಾಗಿಯೇ ಬ್ಲಾಕ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರು, ಬಿಐಇಆರ್‌ಟಿಗಳು, ಕೆಲಸ ಮಾಡುತ್ತಿದ್ದಾರೆ. ಆತ್ಮರಕ್ಷಣಾ ತರಬೇತಿ ಶುರುವಾಗುವ ಮುಂಚೆ ಅವರನ್ನೂ ತರಬೇತುದಾರರನ್ನೂ ಒಂದು ಮಧ್ಯಾಹ್ನ ಒಟ್ಟಿಗೆ ಕೂರಿಸಿದರೆ, ಡೌನ್ ಸಿಂಡ್ರೋಮ್ ಇರುವ ಹುಡುಗಿಯನ್ನು ಸಾಲಿನಲ್ಲಿ ನಿಲ್ಲಿಸುವುದು ಹೇಗೆ ಅಂತ ಇಬ್ಬರೂ ಮಾತಾಡಿಕೊಳ್ಳಬಹುದು. ಈಗ ಆ ಮಾತುಕತೆ ಇಲ್ಲದ ಕಡೆ ಪಿ.ಟಿ. ಶಿಕ್ಷಕರು ಭಯದಿಂದ ಅವಳನ್ನು ಮೈದಾನದ ಅಂಚಿನಲ್ಲಿ ಕೂರಿಸುತ್ತಾರೆ, ಹಾಜರಿಯಲ್ಲಿ ಮಾತ್ರ ಹೆಸರು ಇರುತ್ತದೆ.